ಚೌಕಿಯಲ್ಲಿ ವೈಡ್ ಲೆನ್ಸ್: ಮೂಗು ಉದ್ದವಾಗಿದ್ದು ಯಾರ ತಪ್ಪು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಹೈಸ್ಕೂಲ್ ಮೇಷ್ಟ್ರು. ಹವ್ಯಾಸಕ್ಕೆ ಫೋಟೊ ತೆಗೆಯುತ್ತೇನೆ. ಕ್ಯಾನನ್‌ನ ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾ ಇದೆ, ಅದರ ಜೊತೆಗೆ ಬಂದ 18-55 ಲೆನ್ಸ್ ಇದೆ. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ವೇಷ ಕಟ್ಟಿಕೊಳ್ಳುವುದನ್ನು ತೆಗೆಯುವ ಆಸೆ. ಬರೀ ಮುಖ ಅಲ್ಲ, ಪೆಟ್ಟಿಗೆ, ಕನ್ನಡಿ, ಪಕ್ಕದವರು ಎಲ್ಲ ಸೇರಿ ಆ ರಾತ್ರಿಯ ಕಥೆ ಹೇಳುವಂತಿರಬೇಕು ಅಂತ ಇನ್ನೂ ಅಗಲದ ನೋಟ ಕೊಡುವ 10-18 ಎಂಎಂ ವೈಡ್ ಲೆನ್ಸ್ ಕೊಂಡೆ (ಸಂಖ್ಯೆ ಸಣ್ಣದಾದಷ್ಟು ನೋಟ ಅಗಲ). ಪರಿಚಯದ ಹಿರಿಯ ವೇಷಧಾರಿಯೊಬ್ಬರ ಫೋಟೊ ತೆಗೆದು ತೋರಿಸಿದರೆ ಅವರು ನಕ್ಕು, "ಎಂತ ಮಾಷ್ಟ್ರೇ, ನನ್ನ ಮೂಗು ಇಷ್ಟುದ್ದ ಉಂಟಾ?" ಅಂದರು. ಇನ್ನೊಂದು ಫೋಟೊದಲ್ಲಿ ಅಂಚಿಗೆ ಕೂತಿದ್ದ ಹುಡುಗನ ತಲೆ ಹಲಸಿನ ಹಣ್ಣಿನ ಹಾಗೆ ಬಂದಿದೆ. ಗೆಳೆಯರು "ಪೋರ್ಟ್ರೇಟ್‌ಗೆ 85 ಎಂಎಂ ಬೇಕು, ವೈಡ್ ಮಾರಿ 50 ತಗೋ" ಅಂತಾರೆ. ಒಬ್ಬರ ಹತ್ತಿರ 50 ಇಸ್ಕೊಂಡು ಹೋದೆ, ಮುಖ ಚೆನ್ನಾಗಿ ಬಂತು, ಚೌಕಿಯೇ ಕಾಣೆ. ಸಾಫ್ಟ್‌ವೇರ್‌ನಲ್ಲಿ ಲೆನ್ಸ್ ಕರೆಕ್ಷನ್ ಟಿಕ್ ಮಾಡಿದೆ, ಮೂಗು ಹಾಗೇ ಇದೆ. ತಮಾಷೆ ಅಂದರೆ ಫೋನಿನಲ್ಲಿ ಸುಮ್ನೆ ಕ್ಲಿಕ್ಕಿಸಿದ ಒಂದು ಫೋಟೊ ಇವೆಲ್ಲಕ್ಕಿಂತ ಚೆನ್ನಾಗಿದೆ. ನಾನೀಗ ಏನು ಮಾಡಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಇದೆ. ಆ ಫೋನಿನ ಮುಖ್ಯ ಕ್ಯಾಮೆರಾ ಕೂಡ ವೈಡ್ ಲೆನ್ಸೇ. ಫುಲ್ ಫ್ರೇಮ್, ಅಂದರೆ ಹಳೆ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ ಲೆಕ್ಕದಲ್ಲಿ ಹೇಳುವುದಾದರೆ ಸಾಮಾನ್ಯವಾಗಿ 24ರಿಂದ 26 ಎಂಎಂ ಆಸುಪಾಸು. ವೈಡ್ ಆಗಿದ್ದೇ ತಪ್ಪಾಗಿದ್ದರೆ ಅದೂ ಕೆಡಬೇಕಿತ್ತು, ಅಲ್ವಾ? ಕೆಡಲಿಲ್ಲ. ಯಾಕಂದರೆ ಫೋನ್ ಹಿಡಿದಾಗ ನೀವು ಒಂದೂವರೆ ಮೀಟರ್ ದೂರ ನಿಂತಿದ್ದಿರಿ ಅಂತ ನನ್ನ ಊಹೆ. ಹೊಸ ಲೆನ್ಸ್ ಹಾಕಿದಾಗ ಮುಖ ತೀರಾ ಸಣ್ಣದಾಗಿ ಕಂಡಿರುತ್ತದೆ, ಮುಂದೆ ಸರಿದಿರಿ, ಇನ್ನೂ ಸಣ್ಣದು ಅನ್ನಿಸಿತು, ಮತ್ತೆ ಸರಿದಿರಿ, ಕೊನೆಗೆ ಅವರ ಮೂಗಿನಿಂದ ಒಂದಡಿ ದೂರಕ್ಕೆ ಮುಟ್ಟಿದಿರಿ. ವೈಡ್ ಲೆನ್ಸ್ ಕೊಂಡವರೆಲ್ಲ ಮೊದಲ ವಾರ ಮಾಡುವ ಕೆಲಸ ಇದು.

ಮುಖದ ಆಕಾರವನ್ನು ಬದಲಿಸುವುದು ದೂರ. ಲೆನ್ಸಿನ ಮೇಲೆ ಬರೆದ ಸಂಖ್ಯೆ ಅಲ್ಲ. ಲೆಕ್ಕ ಸುಲಭ ಇದೆ ನೋಡಿ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ ಅಂತಿಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ 30 ಸೆಂಟಿಮೀಟರ್ ದೂರ ಇದ್ದರೆ ಕಿವಿ 42 ಸೆಂಟಿಮೀಟರ್ ದೂರ. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಶೇಕಡ 40ರಷ್ಟು ದೊಡ್ಡದಾಗಿ ಬೀಳುತ್ತದೆ. ಅದೇ ಒಂದೂವರೆ ಮೀಟರ್ ದೂರ ಹೋಗಿ, ಆ ವ್ಯತ್ಯಾಸ ಶೇಕಡ 8ಕ್ಕೆ ಇಳಿಯುತ್ತದೆ. ಮೂರು ಮೀಟರಿಗೆ ಹೋದರೆ ಶೇಕಡ 4. ಹತ್ತು ಎಂಎಂ ಹಾಕಿ, ಐವತ್ತು ಹಾಕಿ, ಈ ಅನುಪಾತ ಬದಲಾಗುವುದಿಲ್ಲ. 85 ಎಂಎಂಗೆ "ಪೋರ್ಟ್ರೇಟ್ ಲೆನ್ಸ್" ಅಂತ ಹೆಸರು ಬಂದದ್ದರಲ್ಲಿ ದೊಡ್ಡ ಪಾಲು ಇದರದ್ದೇ. ಮುಖ, ಭುಜ ಮಾತ್ರ ಫ್ರೇಮಿನಲ್ಲಿ ಕೂರಬೇಕಾದರೆ ಅದು ನಿಮ್ಮನ್ನು ತಾನಾಗಿಯೇ ಹಿಂದಕ್ಕೆ ತಳ್ಳುತ್ತದೆ. ಒಳ್ಳೆಯ ಹೆಸರು ಲೆನ್ಸಿಗೆ, ಕೆಲಸ ಮಾಡಿದ್ದು ನಿಮ್ಮ ಕಾಲು.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಯಾರನ್ನಾದರೂ ಕುರ್ಚಿಯಲ್ಲಿ ಕೂರಿಸಿ, ಎರಡು ಮೀಟರ್ ದೂರದಿಂದ 50ರಲ್ಲಿ ಒಂದು ತೆಗೆಯಿರಿ. ಜಾಗ ಬಿಟ್ಟು ಕದಲದೆ 18ರಲ್ಲಿ ಇನ್ನೊಂದು, ಮುಖ ಫ್ರೇಮಿನ ನಡುವೆ ಬರುವ ಹಾಗೆ. ಎರಡನೆಯದರಲ್ಲಿ ಮುಖದ ಭಾಗ ಮಾತ್ರ ಕತ್ತರಿಸಿ ಪಕ್ಕದಲ್ಲಿಟ್ಟರೆ ಮೂಗು, ಕಿವಿ, ಗಲ್ಲ ಎಲ್ಲ ಒಂದೇ. ಸ್ಪಷ್ಟತೆ ಕಡಿಮೆ ಇರುತ್ತದೆ, ಅಷ್ಟೆ.

ಇನ್ನು ಆ ಹುಡುಗನ ತಲೆ. ಅದು ಬೇರೆ ಕಾಯಿಲೆ. ಅದನ್ನೂ ಮೂಗಿನ ಸಮಸ್ಯೆಯನ್ನೂ ಜನ ಒಂದೇ "ಡಿಸ್ಟಾರ್ಷನ್" ಚೀಲಕ್ಕೆ ತುಂಬುತ್ತಾರೆ, ಅಲ್ಲೇ ಎಲ್ಲ ಗೊಂದಲ ಶುರು. ಗೋಡೆ, ಕಂಬ, ಬಾಗಿಲು ನೇರವಾಗಿ ಕಾಣುವಂತೆ ಮಾಡಿದ ಲೆನ್ಸು ಅದಕ್ಕೆ ಒಂದು ಬೆಲೆ ಕಟ್ಟುತ್ತದೆ. ನಡುವಿನಿಂದ ಅಂಚಿಗೆ ಹೋದ ಹಾಗೆ ಉರುಟಾದ ವಸ್ತುಗಳನ್ನು ಹೊರಕ್ಕೆ ಎಳೆಯುತ್ತದೆ. ಚೆಂಡು ಮೊಟ್ಟೆಯಾಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ 10 ಎಂಎಂ ಅಂದರೆ ಫುಲ್ ಫ್ರೇಮಿನ 16 ಎಂಎಂ ನೋಟ. ಅದರ ಎಡ-ಬಲ ಅಂಚಿನಲ್ಲಿ ತಲೆ ಸುಮಾರು ಒಂದೂವರೆ ಪಟ್ಟು ಅಗಲವಾಗುತ್ತದೆ, ಮೂಲೆಯಲ್ಲಿ ಇನ್ನೂ ಜಾಸ್ತಿ. ಅದೇ ಲೆನ್ಸನ್ನು 18ಕ್ಕೆ ತಿರುಗಿಸಿದರೆ ಅಂಚಿನ ಎಳೆತ ಶೇಕಡ 18ರ ಆಸುಪಾಸು. 18-55ನ್ನು 22ಕ್ಕೆ ಇಟ್ಟರೆ, ಅಂದರೆ 35 ಎಂಎಂ ನೋಟಕ್ಕೆ, ಶೇಕಡ 12-13. ಇಲ್ಲಿ ದೂರ ಸರಿದರೂ ಉಪಯೋಗ ಇಲ್ಲ. ಹತ್ತು ಮೀಟರ್ ದೂರದಲ್ಲಿದ್ದರೂ ಅಂಚಿನಲ್ಲಿರುವ ತಲೆ ಎಳೆಯುತ್ತದೆ. ಮದುವೆ ಮಂಟಪದ ಗ್ರೂಪ್ ಫೋಟೊಗಳಲ್ಲಿ ಕೊನೆಗೆ ನಿಂತ ಅತ್ತೆ, ಮಾವ ಯಾವಾಗಲೂ ದಪ್ಪ ಕಾಣುವುದು ಇದಕ್ಕೇ, ಪಾಪ ಊಟದ್ದು ಏನೂ ತಪ್ಪಿಲ್ಲ. ಪರಿಹಾರ ಒಂದೇ: ಮುಖಗಳನ್ನು ಫ್ರೇಮಿನ ನಡುವಿನ ಮೂರನೇ ಒಂದು ಭಾಗದಲ್ಲಿ ಇಡಿ. 10 ಎಂಎಂನಲ್ಲೂ ಅಲ್ಲಿ ಎಳೆತ ಶೇಕಡ 7ರ ಆಚೆ ಹೋಗುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಚಿಗೆ ಪೆಟ್ಟಿಗೆ, ಹಗ್ಗ, ಪರದೆ ಇಂಥವು ಇರಲಿ. ಪೆಟ್ಟಿಗೆ ಸ್ವಲ್ಪ ಉದ್ದ ಆದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರನೆಯದು ಲೆನ್ಸಿನ ನಿಜವಾದ ದೋಷ, ನೇರ ಗೆರೆ ಹೊರಕ್ಕೆ ಉಬ್ಬುವುದು. ನೀವು ಟಿಕ್ ಮಾಡಿದ ಲೆನ್ಸ್ ಕರೆಕ್ಷನ್ ಈ ಮೂರರಲ್ಲಿ ಸರಿಮಾಡುವುದು ಇದನ್ನು ಮಾತ್ರ. ಹಾಗಾಗಿ ಮೂಗು ಹಾಗೇ ಉಳಿಯಿತು. ಅಂಚಿನ ತಲೆಯನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸುವ ಸಾಫ್ಟ್‌ವೇರ್ ಇದೆ. ಡಿಎಕ್ಸ್‌ಒ ವ್ಯೂಪಾಯಿಂಟ್‌ನಲ್ಲಿ ಅದಕ್ಕೇ ಒಂದು ಆಯ್ಕೆ ಇದೆ. ಆದರೆ ತಲೆ ಉರುಟಾದಾಗ ಹಿಂದಿನ ಕಂಬ ಬಾಗುತ್ತದೆ, ಅದು ನಿಮಗೆ ಓಕೆನಾ ನೋಡಿಕೊಳ್ಳಿ. ಒಂದಡಿ ದೂರದಿಂದ ತೆಗೆದ ಮೂಗಿಗೆ ಮಾತ್ರ ಮರ್ಯಾದಸ್ಥ ಮದ್ದಿಲ್ಲ. ಮುಖ ತಿದ್ದುವ ಆ್ಯಪ್‌ಗಳು ಮೂಗನ್ನು ಕುಗ್ಗಿಸಿ ಕೊಡುತ್ತವೆ, ಆಮೇಲೆ ಅದು ಆ ಮನುಷ್ಯನ ಮುಖವಾಗಿ ಉಳಿದಿರುವುದಿಲ್ಲ. ಆ ಫೋಟೊ ಬಿಟ್ಟುಬಿಡಿ, ಅವರ ಹತ್ತಿರ ಮತ್ತೆ ಹೋಗಿ.

ಈಗ ಚೌಕಿಗೆ ಬರೋಣ. ಅಲ್ಲಿ ಜಾಗ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡು ಸಾಲು, ಎದುರುಬದುರು, ಒಬ್ಬೊಬ್ಬರ ಮುಂದೆ ಬಣ್ಣದ ಸಾಮಾನು, ನಡುವೆ ಓಡಾಡಲು ದಾರಿ, ತುದಿಯಲ್ಲಿ ದೇವರು. ಕೂತ ಕಲಾವಿದ, ಅವರ ಪೆಟ್ಟಿಗೆ, ಪಕ್ಕದವರ ಅರ್ಧ ಭುಜ ಇಷ್ಟು ಬರಬೇಕಾದರೆ ಸುಮಾರು ಒಂದೂವರೆ ಮೀಟರ್ ಅಗಲದ ನೋಟ ಬೇಕು. ನಿಮ್ಮ ಗೆಳೆಯರ 50 ಎಂಎಂ ನಿಮ್ಮ ಕ್ಯಾಮೆರಾದಲ್ಲಿ 80ರ ಹಾಗೆ ಕೆಲಸ ಮಾಡುತ್ತದೆ, ಅಷ್ಟು ಅಗಲ ಕಾಣಲು ಸುಮಾರು ಮೂರೂವರೆ ಮೀಟರ್ ಹಿಂದೆ ಹೋಗಬೇಕು. ಅಂದರೆ ಎದುರು ಸಾಲಿನವರ ಮಡಿಲಲ್ಲಿ ಕೂರಬೇಕು. 35ರ ನೋಟಕ್ಕೆ ಒಂದೂವರೆ ಮೀಟರ್ ದೂರ ಸಾಕು. ಮುಖಕ್ಕೂ ಅದೇ ದೂರ ಕ್ಷೇಮ, ಮೇಲೆ ನೋಡಿದಿರಲ್ಲ. ಹಾಗಾಗಿ ನನ್ನ ಮೊದಲ ಸಲಹೆ ಹೊಸ ಲೆನ್ಸಿನ ಸುದ್ದಿಗೇ ಹೋಗುವುದಿಲ್ಲ: ನೀವು ಬ್ಯಾಗಿನೊಳಗೆ ಹಾಕಿಟ್ಟ 18-55 ತೆಗೆಯಿರಿ, 22ರಿಂದ 24ರ ನಡುವೆ ನಿಲ್ಲಿಸಿ, ಅಲ್ಲಿಂದ ಶುರು ಮಾಡಿ. ಕಷ್ಟ ಏನು ಅಂದರೆ ಅದರ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಅಷ್ಟು ತೆರೆಯುವುದಿಲ್ಲ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ಕ್ಕೆ ಏರಿಸಬೇಕಾಗುತ್ತದೆ, ಕಾಳುಕಾಳು ಬರುತ್ತದೆ. ಬರಲಿ ಬಿಡಿ.

10-18 ಯಾವಾಗ ಬೇಕು? ಜಾಗವೇ ಮುಖ್ಯ, ಮನುಷ್ಯ ಅದರೊಳಗೆ ಒಬ್ಬ ಅನ್ನುವಾಗ. ಚೌಕಿ ಹಾಕಿದ ಬಿಡಾರದ ಇಡೀ ಉದ್ದ, ಎರಡೂ ಸಾಲು, ನಡುವೆ ಒಬ್ಬರೇ ಎದ್ದು ನಿಂತು ಗೆಜ್ಜೆ ಕಟ್ಟಿಕೊಳ್ಳುತ್ತಿದ್ದಾರೆ ಅನ್ನಿ. ಆಗ 10 ಹಾಕಿ, ಎರಡು ಮೀಟರ್ ದೂರ ಇರಿ, ಅವರನ್ನು ನಡುವೆ ಇಡಿ. ಆದರೆ ಇಲ್ಲೊಂದು ಹಾವು ಮಲಗಿದೆ. ವೈಡ್ ಲೆನ್ಸ್ ಎಲ್ಲವನ್ನೂ ತೋರಿಸುತ್ತದೆ. 10 ಎಂಎಂನಲ್ಲಿ ಅಪರ್ಚರ್ ಎಫ್ 5.6 ಇಟ್ಟು ಒಂದು ಮೀಟರಿಗೆ ಫೋಕಸ್ ಇಟ್ಟರೆ ಅರ್ಧ ಮೀಟರಿನಿಂದ ಆಚೆ ಕೊನೆಯ ಗೋಡೆವರೆಗೂ ಬಹುತೇಕ ಎಲ್ಲ ಸ್ಪಷ್ಟ. ಹಿನ್ನೆಲೆ ಮಸುಕು ಮಾಡಿ ಪಾರಾಗುವ ದಾರಿಯೇ ಇಲ್ಲ. ನೀರಿನ ಬಾಟಲಿ, ಚಾರ್ಜಿಂಗಿಗೆ ಹಾಕಿದ ಮೊಬೈಲ್, ನೇತಾಡುವ ವೈರು, ಪ್ಲಾಸ್ಟಿಕ್ ಕುರ್ಚಿ ಎಲ್ಲ ಮುಖದಷ್ಟೇ ಜೋರಾಗಿ ಕಾಣುತ್ತವೆ.

"ಎಲ್ಲ ಸೇರಿ ಕಥೆ ಹೇಳಬೇಕು" ಅಂತ ಬರೆದಿದ್ದೀರಿ. ಎಲ್ಲ ಸೇರಿದರೆ ಸಂತೆ ಆಗುತ್ತದೆ. ಆರ್ನಾಲ್ಡ್ ನ್ಯೂಮನ್ 1946ರಲ್ಲಿ ಸಂಗೀತಗಾರ ಸ್ಟ್ರಾವಿನ್‌ಸ್ಕಿಯನ್ನು ತೆಗೆದ ಫೋಟೊ ಹುಡುಕಿ ನೋಡಿ. ಚಿತ್ರದ ಬಹುಭಾಗ ತೆರೆದ ಪಿಯಾನೊದ ಕಪ್ಪು ಮುಚ್ಚಳ, ಮೂಲೆಯಲ್ಲಿ ಕೈಗೆ ತಲೆ ಆನಿಸಿ ಕೂತ ಸಣ್ಣ ಮನುಷ್ಯ, ಹಿಂದೆ ಖಾಲಿ ಗೋಡೆ. ಮುಗಿಯಿತು. ಜಾಗ ಬಿಚ್ಚಿ ತೋರಿಸಿದ್ದಾನೆ, ಆದರೆ ವಸ್ತು ಒಂದೇ. ಹಾಗಾಗಿ ಕ್ಯಾಮೆರಾ ಎತ್ತುವ ಮೊದಲು ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ಈ ಮನುಷ್ಯನ ಬಗ್ಗೆ ಹೇಳಬೇಕಾದ ಒಂದು ವಸ್ತು ಯಾವುದು? ಬಣ್ಣ ಮೆತ್ತಿ ಮೆತ್ತಿ ಅಂಚು ಕಪ್ಪಾದ ಹಳೆ ಪೆಟ್ಟಿಗೆಯಾ? ಪಕ್ಕದಲ್ಲಿ ಅವರನ್ನೇ ನೋಡುತ್ತಾ ಬಣ್ಣ ಹಚ್ಚಿಕೊಳ್ಳುತ್ತಿರುವ ಹುಡುಗನಾ? ಆರಿಸಿಕೊಳ್ಳಿ. ಉಳಿದದ್ದನ್ನು ಅರ್ಧ ಹೆಜ್ಜೆ ಆಚೆ ಈಚೆ ಸರಿದು ಅವರ ಬೆನ್ನ ಹಿಂದೆ ಅಡಗಿಸಿ, ಇಲ್ಲವೇ ಕತ್ತಲೆಗೆ ಬಿಡಿ. ಬಾಟಲಿಯನ್ನು ಎತ್ತಿ ಪಕ್ಕಕ್ಕಿಡುವುದು ಮಾತ್ರ ಬೇಡ, ಅದು ಅವರ ಮನೆ ಇದ್ದ ಹಾಗೆ.

ಕನ್ನಡಿಯ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಚೌಕಿಯ ಫೋಟೊಗಳೆಲ್ಲ ಅಲ್ಲೇ ಗೆಲ್ಲುವುದು, ಅಲ್ಲೇ ಸೋಲುವುದು. ಕಲಾವಿದರು ಒಂದು ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ಇನ್ನೊಂದು ಕೈಯಲ್ಲಿ ಕಡ್ಡಿ ಹಿಡಿದು ಹುಬ್ಬು ಎಳೆಯುತ್ತಿರುತ್ತಾರೆ. ನೀವು ವೈಡ್ ಲೆನ್ಸ್ ಹಿಡಿದು ಮುಂದಿನಿಂದ ಹೋದರೆ ಕನ್ನಡಿ ಹಿಡಿದ ಕೈ ಲೆನ್ಸಿಗೆ ಹತ್ತಿರ, ಮುಖ ಅದರ ಹಿಂದೆ. ಅಂಗೈ ಮುಖಕ್ಕಿಂತ ದೊಡ್ಡದಾಗುತ್ತದೆ. ಭುಜದ ಹಿಂದಿನಿಂದ, ಪಕ್ಕಕ್ಕೆ ಸರಿದು, ಕನ್ನಡಿಯೊಳಗಿನ ಮುಖ ಹಿಡಿಯಿರಿ. ಕನ್ನಡಿಯ ಮುಖಕ್ಕೆ ದೂರ ಅಂದರೆ ಕ್ಯಾಮೆರಾದಿಂದ ಕನ್ನಡಿಗೆ, ಮತ್ತೆ ಕನ್ನಡಿಯಿಂದ ಮುಖಕ್ಕೆ, ಎರಡೂ ಕೂಡಿಸಬೇಕು. ನೀವು ತೀರಾ ಹತ್ತಿರ ಇದ್ದರೂ ಆ ಮುಖ ದೂರದ್ದೇ ಲೆಕ್ಕ, ಮೂಗು ಸರಿಯಾಗಿರುತ್ತದೆ. ಆದರೆ ಅದೇ ಕಾರಣಕ್ಕೆ ಸಣ್ಣದಾಗಿಯೂ ಕಾಣುತ್ತದೆ, 10ರಲ್ಲಿ ಉಗುರಿನಷ್ಟು. 18ರ ಮೇಲೆ ಇರಿ. ಫೋಕಸ್ ಬಿಂದು ಕನ್ನಡಿಯ ಚೌಕಟ್ಟಿನ ಮೇಲೆ ಕೂರದೆ ಒಳಗಿನ ಕಣ್ಣಿನ ಮೇಲೆ ಕೂರುವಂತೆ ನೋಡಿ. ಇನ್ನೊಂದು, ಕನ್ನಡಿಯಲ್ಲಿ ಅವರ ಕಣ್ಣು ನಿಮಗೆ ಕಂಡರೆ ನಿಮ್ಮ ಲೆನ್ಸ್ ಅವರಿಗೂ ಕಾಣುತ್ತದೆ. ಹುಬ್ಬಿನ ಗೆರೆ ಎಳೆಯುವ ಹೊತ್ತಿಗೆ ಅವರ ಬೆಳಕಿಗೆ ಅಡ್ಡ ನಿಂತರೆ ಆ ಗೆರೆ ಸೊಟ್ಟ ಹೋಗುತ್ತದೆ, ಮತ್ತೆ ಒರೆಸಿ ಬರೆಯಬೇಕು. ಆಮೇಲೆ ಚೌಕಿಯಲ್ಲಿ ನಿಮಗೆ ಜಾಗ ಸಿಗುವುದಿಲ್ಲ.

ಎತ್ತರದ ಮಾತು. ನಿಂತುಕೊಂಡು ಕೆಳಗೆ ನೋಡುತ್ತಾ ವೈಡ್‌ನಲ್ಲಿ ತೆಗೆದರೆ ತಲೆ ದೊಡ್ಡದು, ಕಾಲು ಸಣ್ಣದು, ಮನುಷ್ಯ ಮಗುವಿನ ಹಾಗೆ ಕಾಣುತ್ತಾನೆ. ಆಟದಲ್ಲಿ ರಾವಣನೋ ಕೌರವನೋ ಆಗುವ ಹಿರಿಯರನ್ನು ಹಾಗೆ ತೋರಿಸುವುದು ಚೆನ್ನಲ್ಲ. ಚಪ್ಪಲಿ ಹೊರಗೆ ಬಿಟ್ಟಿರುತ್ತೀರಿ ಹೇಗೂ, ನೆಲದ ಮೇಲೆ ಕೂತುಬಿಡಿ. ಕ್ಯಾಮೆರಾ ಅವರ ಎದೆ ಮಟ್ಟಕ್ಕೂ ಕಣ್ಣಿನ ಮಟ್ಟಕ್ಕೂ ನಡುವೆ ಇರಲಿ, ಮೇಲಕ್ಕೂ ಕೆಳಕ್ಕೂ ವಾಲದೆ ನೇರ ಇರಲಿ. ಬಿಡಾರದ ಕಂಬ ಫ್ರೇಮಿನ ಅಂಚಿಗೆ ಸಮನಾಗಿ ನಿಂತಿದೆಯಾ ನೋಡಿದರೆ ಗೊತ್ತಾಗುತ್ತದೆ.

ಬೆಳಕು: ಫ್ಲ್ಯಾಷ್ ಬೇಡ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಅಥವಾ 1/50 ಸೆಕೆಂಡಿಗೆ ಇಟ್ಟರೆ ಫೋಟೊದಲ್ಲಿ ಕಪ್ಪು ಪಟ್ಟಿ ಬರುವುದಿಲ್ಲ. 1/250 ಇಟ್ಟರೆ ಬರಬಹುದು. ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಮುಖದ ಹಳದಿ, ಕೆಂಪು ಬಣ್ಣ ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ತಾನೇ ಮಾಡುವ ಆಟೊ ವೈಟ್ ಬ್ಯಾಲೆನ್ಸನ್ನು ದಾರಿ ತಪ್ಪಿಸುತ್ತದೆ, ಮನೆಗೆ ಬಂದು ಕಲಾವಿದರ ಬಿಳಿ ಪಂಚೆ ಅಥವಾ ಬನಿಯನ್ ನೋಡಿಕೊಂಡು ಸರಿಮಾಡಬಹುದು.

ಇಷ್ಟೆಲ್ಲ ಹೇಳಿದ ಮೇಲೆ, ಉಲ್ಟಾ ಮಾತೂ ಒಂದಿದೆ. ಎಳೆತ, ಉಬ್ಬು ಯಾವಾಗಲೂ ತಪ್ಪಲ್ಲ. ಪ್ಲೇಟನ್ ಅನ್ನುವ ಫೋಟೊಗ್ರಾಫರ್ 2000ದಲ್ಲಿ ಬಿಲ್ ಕ್ಲಿಂಟನ್‌ರನ್ನು ಎಸ್ಕ್ವೈರ್ ಪತ್ರಿಕೆಯ ಮುಖಪುಟಕ್ಕೆ ಬೇಕೆಂತಲೇ ವೈಡ್ ಲೆನ್ಸಿನಲ್ಲಿ, ಕೆಳಗಿನಿಂದ, ಹತ್ತಿರದಿಂದ ತೆಗೆದರು. ಮೊಣಕಾಲ ಮೇಲಿಟ್ಟ ಕೈಗಳು ದೊಡ್ಡದಾಗಿ ಮುಂದೆ ಬಂದವು. ಗಲಾಟೆಯಾಯಿತು, ಆದರೆ ಆ ಚಿತ್ರ ಅಧಿಕಾರದ ಬಗ್ಗೆ ಮಾತಾಡುತ್ತಿತ್ತು. ನಮ್ಮ ಚೌಕಿಯಲ್ಲಿ ಈ ಹಕ್ಕು ಯಾರಿಗಿದೆ ಅಂದರೆ ಬಣ್ಣದ ವೇಷಕ್ಕೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ರಾಕ್ಷಸ ವೇಷ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ (ಉಬ್ಬಿದ ಬಿಳಿ ಚುಕ್ಕೆ) ಇಡುತ್ತಾ ಗಂಟೆಗಟ್ಟಲೆ ಕೂತು ಕಟ್ಟಿದ್ದು. ಮನುಷ್ಯನ ಮುಖದ ಅಳತೆಯನ್ನು ಮೀರಬೇಕು ಅಂತಲೇ ಆ ಬಣ್ಣ, ಆ ಕಿರೀಟ. ವೇಷ ಪೂರ್ತಿಯಾಗಿ ಎದ್ದು ನಿಂತ ಮೇಲೆ 10 ಎಂಎಂ ಹಾಕಿ, ಕ್ಯಾಮೆರಾ ಉದ್ದಕ್ಕೆ ಹಿಡಿದು, ಸೊಂಟದ ಮಟ್ಟದಿಂದ ತೆಗೆದರೆ ಫ್ರೇಮಿನ ಮೇಲಂಚಿನಲ್ಲಿ ಕಿರೀಟ ಎಳೆದು ಚಾವಣಿಗೆ ಮುಟ್ಟುತ್ತದೆ. ಅಲ್ಲಿ ಲೆನ್ಸು ವೇಷದ ಕೆಲಸವನ್ನೇ ಮುಂದುವರಿಸುತ್ತದೆ. ಅದೇ ಉಪಾಯ ಸ್ತ್ರೀವೇಷಕ್ಕೆ ಮಾಡಿದರೆ ಕಲಾವಿದ ಎರಡು ಗಂಟೆ ಕೂತು ತಂದ ನಯವನ್ನು ನೀವು ಒಂದು ಕ್ಲಿಕ್ಕಿನಲ್ಲಿ ಹಾಳು ಮಾಡಿದ ಹಾಗೆ. ಅರ್ಧ ಬಣ್ಣ ಹಚ್ಚಿ, ಬನಿಯನ್‌ನಲ್ಲಿ ಕೂತ ಮನುಷ್ಯನಿಗೂ ಬೇಡ. ಆ ಹೊತ್ತಿಗೆ ಅವರಿನ್ನೂ ರಾಕ್ಷಸ ಆಗಿಲ್ಲ, ಮನೆ ಬಿಟ್ಟು ಬಂದ ದಣಿದ ಮನುಷ್ಯ. ಅವರ ಮೂಗು ಇದ್ದ ಹಾಗೇ ಇರಲಿ.

ಮೂಗಿನ ಬಗ್ಗೆ ಕೇಳಿದ ಹಿರಿಯರು ನಕ್ಕರು ಅಂತ ಬರೆದಿದ್ದೀರಿ. ನಕ್ಕರೂ ಆ ಫೋಟೊ ಎಲ್ಲೂ ಹಾಕಬೇಡಿ, ಮುಂದಿನ ಸಲವೂ ತೆಗೆದ ತಕ್ಷಣ ಪರದೆಯಲ್ಲಿ ತೋರಿಸಿ. ಜನ ತಮ್ಮ ಮುಖದ ವಿಷಯದಲ್ಲಿ ನಮಗಿಂತ ಚೆನ್ನಾಗಿ ತೀರ್ಪು ಕೊಡುತ್ತಾರೆ. ಮೇಳದ ಮ್ಯಾನೇಜರ್ ಹತ್ತಿರ ಮೊದಲೇ ಕೇಳಿಕೊಂಡು, ಚೌಕಿ ಪೂಜೆಗಿಂತ ಎಷ್ಟೋ ಮೊದಲೇ ಹೋಗಿ ಕೂತರೆ ಬಣ್ಣ ಶುರುವಾಗುವ ಹೊತ್ತಿಗೆ ನೀವಲ್ಲಿ ಇದ್ದೀರಿ ಅನ್ನುವುದೇ ಕಲಾವಿದರಿಗೆ ಮರೆತಿರುತ್ತದೆ.

ಕೊನೆಗೆ ಲೆನ್ಸಿನ ವ್ಯಾಪಾರ. 10-18 ಮಾರಬೇಡಿ. ಮಾರಿದರೆ ಕೊಟ್ಟ ದುಡ್ಡು ಪೂರ್ತಿ ಬರುವುದು ಕಷ್ಟ, ಬಣ್ಣದ ವೇಷಕ್ಕೂ ಇಡೀ ಬಿಡಾರಕ್ಕೂ ಅದು ಬೇಕು. ಅದರಲ್ಲಿ ಮನುಷ್ಯರನ್ನು ತೆಗೆಯುವಾಗ ಮಾಮೂಲಿಗೆ 18ರ ತುದಿಯಲ್ಲೇ ಇಟ್ಟುಕೊಳ್ಳಿ. 50 ಎಫ್ 1.8 ಅಗ್ಗ, ಬೆಳಕು ಚೆನ್ನಾಗಿ ಎಳೆಯುತ್ತದೆ, ಹುಬ್ಬು, ಬೆರಳು, ಗೆಜ್ಜೆಯ ಹತ್ತಿರದ ಚಿತ್ರಗಳಿಗೆ ಸರಿ. ಆದರೆ ನಿಮಗೆ ಬೇಕಾದ ಚೌಕಿ ಅದರೊಳಗೆ ಕೂರುವುದಿಲ್ಲ ಅಂತ ನೀವೇ ನೋಡಿದ್ದೀರಿ. ದುಡ್ಡು ಹಾಕಲೇಬೇಕು ಅಂತಿದ್ದರೆ, ನಿಮ್ಮದು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಕ್ಯಾನನ್‌ನ 24 ಎಂಎಂ ಎಫ್ 2.8 ಇದೆ, ಬಿಸ್ಕತ್ತಿನಷ್ಟು ದಪ್ಪ, ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ 38ರ ನೋಟ. ಕನ್ನಡಿ ಇಲ್ಲದ ಮಿರರ್‌ಲೆಸ್ ಆದರೆ ಅದೇ ಲೆನ್ಸಿಗೆ ಅಡಾಪ್ಟರ್ ಬೇಕಾಗುತ್ತದೆ. ಅದಕ್ಕಿಂತ ಮೊದಲು 18-55ನ್ನು 24ಕ್ಕೆ ನಿಲ್ಲಿಸಿ, ಜೂಮ್ ರಿಂಗಿಗೆ ಒಂದು ತುಂಡು ಟೇಪ್ ಅಂಟಿಸಿ ಒಂದು ರಾತ್ರಿ ಪೂರ್ತಿ ತೆಗೆದು ನೋಡಿ. ಮೇಳಗಳು ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ತಿರುಗಾಟ ಮುಗಿಸುವ ದಿನ) ಗೆಜ್ಜೆ ಬಿಚ್ಚುವ ಮೊದಲೇ ಹೋಗಿ, ಆಮೇಲೆ ದೀಪಾವಳಿ ಕಳೆಯುವವರೆಗೆ ಕಾಯಬೇಕಾಗುತ್ತದೆ.